ಕುಳ್ಳನಾಟದ ಗಟ್ಟಿಮೇಳ

ಲಾಲ್ ಬಾಷಾ ಮೇಳ ಬಿಡುತ್ತೇನೆ ಎಂದು ಹೇಳಿದ್ದು ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯಲ್ಲಿ. ನಾನು ಆಗಷ್ಟೇ ಬನ್ನನ್ನು ಟೀಗೆ ಅದ್ದಿದ್ದೆ. ಅವನ ಮಾತು ಮುಗಿಯುವಷ್ಟರಲ್ಲಿ ಬನ್ನು ನೆನೆದು ಮುರಿದು ಲೋಟದೊಳಗೆ ಬಿತ್ತು. ಎರಡಕ್ಕೂ ಸೇರಿಸಿ ಅವನನ್ನೇ ಬೈದೆ.

ನಮ್ಮದು ಮದುವೆಗಳಿಗೆ ಹೋಗುವ ಮೇಳ. ಡೋಲು ನನ್ನದು, ಕ್ಲಾರಿನೆಟ್ ಲಾಲ್ ಬಾಷಾನದು, ತಾಳ ಕೋನಪ್ಪನದು. ಹೆಸರು ಆವಲಪ್ಪನ ಮೇಳ ಎಂದಿದ್ದರೂ ಜನ ಕರೆಸುತ್ತಿದ್ದುದು ಕ್ಲಾರಿನೆಟ್ಟಿಗಾಗಿ. ಇದು ನನಗೆ ಗೊತ್ತಿತ್ತು. ಬಾಷಾನಿಗೆ ಗೊತ್ತಾಗದಂತೆ ಎಂಟು ವರ್ಷ ನೋಡಿಕೊಂಡಿದ್ದೆ. ಅವನು ಶಿಡ್ಲಘಟ್ಟದವನು. ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು. ಗೂಡು ಬೇಯುವ ಬಿಸಿನೀರಿಗೆ ಕೈ ಹಾಕಿ ಹಾಕಿ ಬೆರಳ ತುದಿ ಮರಗಟ್ಟಿದರೆ ಕ್ಲಾರಿನೆಟ್ಟಿನ ತೂತು ತಿಳಿಯುವುದಿಲ್ಲ ಎಂದು ಆ ಕೆಲಸ ಬಿಟ್ಟು ನನ್ನ ಹತ್ತಿರ ಬಂದಿದ್ದ. ಅಂಥವನು ಈಗ ಚಿಕ್ಕಬಳ್ಳಾಪುರದ ಆರ್ಕೆಸ್ಟ್ರಾಗೆ ಸೇರುತ್ತೇನೆ ಎನ್ನುತ್ತಿದ್ದ. ಅಲ್ಲಿ ಕೀಬೋರ್ಡ್ ಇದೆಯಂತೆ, ಮೈಕ್ ಇದೆಯಂತೆ, ಊದುವವನಿಗೆ ಬಿಳಿ ಪ್ಯಾಂಟು ಹೊಲಿಸಿಕೊಡುತ್ತಾರಂತೆ.

ಅವನ ದೂರು ಪ್ಯಾಂಟಿನದಲ್ಲ. ಎಂಟು ವರ್ಷದಿಂದ ಅವೇ ಒಂಬತ್ತು ಹಾಡು ಊದುತ್ತಿದ್ದೇನೆ ಎಂಬುದು ಒಂದು. ಇನ್ನೊಂದು, ಎಲ್ಲಿ ಎತ್ತಬೇಕು ಎಲ್ಲಿ ಇಳಿಸಬೇಕು ಎಂದು ಯಾವಾಗಲೂ ನಾನೇ ಹೇಳುತ್ತೇನೆ ಎಂಬುದು. ಬೇರೆ ಮೇಳಗಳಲ್ಲಿ ಊದುವವನ ಹಿಂದೆ ಡೋಲು ಹೋಗುತ್ತದೆ. ನಮ್ಮ ಮೇಳದಲ್ಲಿ ಡೋಲಿನ ಹಿಂದೆ ಊದುವವನು ಬರಬೇಕು. ಅದು ನಾನು ಮಾಡಿದ ಕಾನೂನು. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

"ಅಣ್ಣಾ, ಹೊಸದು ಒಂದೇ ಒಂದು ಊದಕ್ಕೆ ಬಿಡಿ" ಎಂದ ಬಾಷಾ. "ಆ ತಗಡಿನ ಗೋಡೆಗೆ ಕಿವಿ ಇಟ್ಟು ಕೇಳಿ. ಹದಿನೈದು ದಿನದಿಂದ ನನಗೆ ನಿದ್ದೆ ಬಂದಿಲ್ಲ."

ತಗಡಿನ ಗೋಡೆ ಅಸದುಲ್ಲಾನ ವಿಡಿಯೋ ಗೇಮ್ ಅಂಗಡಿಯದು. ಟೀ ಅಂಗಡಿಗೂ ಅದಕ್ಕೂ ನಡುವೆ ಅದೊಂದೇ ಗೋಡೆ. ಒಳಗಿನಿಂದ ಟಿಂಗ್ ಟಿಂಗ್ ಎಂದು ಏನೋ ಕುಣಿಯುವ ಸದ್ದು ಬರುತ್ತಿತ್ತು. ಬಸ್ ಕಂಡಕ್ಟರನ ಜೇಬಿನಲ್ಲಿ ಚಿಲ್ಲರೆ ಅಲುಗಾಡಿದ ಹಾಗಿದೆ ಎಂದೆ. ಬಾಷಾ ಎದ್ದು ನಿಂತ. ಎದ್ದವನು ಹೊರಟೇಬಿಡುತ್ತಾನೆ ಎಂದು ಅವನಿಗೆ ಇನ್ನೊಂದು ಟೀ ಹೇಳಿದೆ. ಅವನು ಹೋದರೆ ಉಳಿಯುವುದು ನನ್ನ ಡೋಲು ಮತ್ತು ಕೋನಪ್ಪನ ತಾಳ. ಅವೆರಡನ್ನು ಕೇಳಲು ಯಾರೂ ಮದುವೆಗೆ ಕರೆಯುವುದಿಲ್ಲ.

ಅದೇ ವಾರ ಚನ್ನಕೇಶವ ನನ್ನ ಮನೆ ಹುಡುಕಿಕೊಂಡು ಬಂದ. ಗೌರಿಬಿದನೂರು ಕಡೆಯ ನಗರಗೆರೆಯವನು, ಚಿಂತಾಮಣಿಯಲ್ಲಿ ಅತ್ತೆ ಮನೆಯಲ್ಲಿದ್ದುಕೊಂಡು ಕಾಲೇಜು ಓದಿದವನು. ನಂದಿಯ ಗಂಗುಲಪ್ಪನವರ ಮಗಳ ಜೊತೆ ಅವನ ಮದುವೆ ಗೊತ್ತಾಗಿತ್ತು. ಗಂಗುಲಪ್ಪನವರು ದ್ರಾಕ್ಷಿ ಬೆಳೆಯುವವರು. ನಮ್ಮ ಮೇಳವನ್ನು ಆಗಲೇ ಕರೆದಿದ್ದರು. ಮದುಮಗ ಬಂದದ್ದು ಒಂದು ಬೇಡಿಕೆಗೆ. ತನ್ನ ಮದುವೆಯಲ್ಲಿ ಅಸದುಲ್ಲಾನ ಅಂಗಡಿಯ ಕುಳ್ಳನಾಟದ ಸಂಗೀತ ನುಡಿಸಬೇಕಂತೆ. ಮೂರು ವರ್ಷ ಆ ಅಂಗಡಿಯ ಬೆಂಚಿನ ಮೇಲೆ ಕೂತು ಬೆಳೆದ ಪ್ರಾಣಿ ಅದು. ಒಂದು ಗಂಟೆ ಆ ಸಂಗೀತದ ಬಗ್ಗೆಯೇ ಮಾತಾಡಿದ. ಮೊದಲನೇ ಊರಿನ ಹಾಡು ಬೆಳಗಿನ ಹಾಗಿದೆಯಂತೆ, ಮೂರನೇ ಊರಿನದು ಕೇಳಿದರೆ ಬೆನ್ನು ಚಳಿ ಹಿಡಿಯುತ್ತದಂತೆ.

"ಐದನೇ ಕೋಟೆದು ಯಾರೂ ಕೇಳಿಲ್ಲ, ನಾನೊಬ್ಬನೇ ಕೇಳಿರೋದು" ಎಂದ. "ಅದಕ್ಕೋಸ್ಕರ ಎರಡು ಪರೀಕ್ಷೆ ಬಿಟ್ಟಿದೀನಿ."

ಇವನಿಗೆ ಹೆಣ್ಣು ಕೊಡುವವರೂ ಇದ್ದಾರಲ್ಲ ಎಂದು ನಾನು ಯೋಚಿಸುತ್ತಿದ್ದೆ. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದು ಕೂತಿದ್ದ ಬಾಷಾನ ಮುಖ ಮಾತ್ರ ದೀಪ ಹಚ್ಚಿದ ಹಾಗಾಗಿತ್ತು. ಅದನ್ನು ನೋಡಿ ಒಪ್ಪಿಕೊಂಡೆ. ಬಾಷಾನಿಗೂ ಹೇಳಿದೆ, ಈ ಮದುವೆಯಲ್ಲಿ ನಿನ್ನ ಟಿಂಗ್ ಟಿಂಗ್ ಊದು, ಆಮೇಲೆ ಇರುತ್ತೀಯೋ ಹೋಗುತ್ತೀಯೋ ನೀನೇ ಹೇಳು ಎಂದು. ನಂದಿಯಿಂದ ವಾಪಸು ಬರುವಾಗ ಚಿಕ್ಕಬಳ್ಳಾಪುರ ದಾಟಿಯೇ ಬರಬೇಕು. ಅಲ್ಲಿ ಬಸ್ಸು ನಿಂತಾಗ ಹೇಳುತ್ತೇನೆ ಎಂದ.

ಕುಳ್ಳನಾಟ ಎಂದರೇನು ಎಂದು ಆಗ ನನಗೆ ಗೊತ್ತಿರಲಿಲ್ಲ. ಈಗ ನಾಲ್ಕು ತಾಲ್ಲೂಕಿಗೂ ಗೊತ್ತು, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಹಳದಿ ಟೋಪಿಯ ಕುಳ್ಳನೊಬ್ಬ ಊರಿಂದ ಊರಿಗೆ, ಪ್ರತಿ ಊರಿನ ಕೊನೆಯ ಕೋಟೆಗೆ ಓಡುತ್ತಾನೆ. ದಾರಿಯಲ್ಲಿ ಬಾವಿಗಳು ಬರುತ್ತವೆ, ಹಾರಬೇಕು. ಆಡುವವನ ಕೈಯಲ್ಲಿ ಒಂದು ರಿಮೋಟು. ಕುಳ್ಳ ಹೊರಡುವಾಗ ಒಂದು ಪುಟ್ಟ ಶುರುವಿನ ತುಣುಕು, ಓಡುವಷ್ಟು ಹೊತ್ತು ಕುಣಿಯುವ ಹಾಡು, ಬಾವಿಗೆ ಬಿದ್ದು ಸತ್ತಾಗ ಏಳು ಸ್ವರ ಮೆಟ್ಟಿಲಿಳಿದ ಹಾಗೆ ಇನ್ನೊಂದು ತುಣುಕು. ಅಸದುಲ್ಲಾನ ಅಂಗಡಿಯಲ್ಲಿ ಜನ ಜಾಸ್ತಿ, ಟಿವಿ ಎರಡೇ. ಅದಕ್ಕೆ ಅವನೊಂದು ಕಟ್ಟಳೆ ಮಾಡಿದ್ದ. ಒಬ್ಬರಿಗೆ ಒಂದೇ ಪ್ರಾಣ. ಸತ್ತ ತುಣುಕು ಕೇಳಿದ ಕೂಡಲೇ ರಿಮೋಟನ್ನು ಬಲಗಡೆ ಕೂತವನಿಗೆ ಕೊಡಬೇಕು, ಬಾಯಿ ಬಿಡಬಾರದು. ಬೆಂಚಿನ ಕೊನೆಯವನು ಸತ್ತರೆ ಮತ್ತೆ ಮೊದಲನೆಯವನಿಗೆ. ಮೂರು ವರ್ಷದಲ್ಲಿ ಆ ಹುಡುಗರ ಕೈ ಹೇಗಾಗಿತ್ತೆಂದರೆ, ತುಣುಕು ಕಿವಿಗೆ ಬಿದ್ದರೆ ತಲೆಗೆ ತಿಳಿಯುವ ಮೊದಲೇ ಕೈ ಬಲಕ್ಕೆ ಹೋಗುತ್ತಿತ್ತು.

ಇದೆಲ್ಲ ಅಂಗಡಿಯೊಳಗೆ ಹೋಗಿ ಎರಡು ನಿಮಿಷ ನಿಂತಿದ್ದರೆ ತಿಳಿಯುತ್ತಿತ್ತು. ನಾನು ಹೋಗುವ ಹಾಗಿರಲಿಲ್ಲ. ಹಿಂದಿನ ವರ್ಷ ನನ್ನ ತಂಗಿಯ ಮಗ ಸ್ಕೂಲು ತಪ್ಪಿಸಿ ಅಲ್ಲಿ ಕೂತಿದ್ದಾಗ, ಅವನ ಕಿವಿ ಹಿಡಿದು ಹೊರಗೆಳೆದು, ಇನ್ನು ಈ ಅಂಗಡಿಯ ಹೊಸಿಲು ತುಳಿದರೆ ನನ್ನ ಹೆಸರು ಆವಲಪ್ಪನೇ ಅಲ್ಲ ಎಂದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ್ದೆ. ನಾನು ಹೋಗುವುದಿಲ್ಲ ಎಂದ ಮೇಲೆ ನನ್ನ ಮೇಳದವರೂ ಹೋಗಕೂಡದು. ಟೇಪ್‌ನಲ್ಲಿ ತುಂಬಿಸಿಕೊಡು ಎಂದು ಅಸದುಲ್ಲಾನಿಗೆ ಹೇಳಿಕಳಿಸಿದೆ.

ಅವನು ಶುಕ್ರವಾರ ಬೆಳಿಗ್ಗೆ ಅಂಗಡಿ ಮುಚ್ಚಿದ್ದಾಗ ಟೇಪ್ ರೆಕಾರ್ಡರನ್ನು ಟಿವಿ ಮುಂದಿಟ್ಟು, ಒಬ್ಬನೇ ಕೂತು ತಾನೇ ಆಡಿ, ಅರವತ್ತು ನಿಮಿಷದ ಕ್ಯಾಸೆಟ್ಟಿನ ಎರಡೂ ಮಗ್ಗುಲು ತುಂಬಿಸಿಕೊಟ್ಟ. ಮೂರು ವರ್ಷದಿಂದ ಅಂಗಡಿ ನಡೆಸುತ್ತಿದ್ದರೂ ಗಿರಾಕಿಗಳು ಅವನಿಗೆ ಒಂದು ದಿನವೂ ರಿಮೋಟು ಬಿಟ್ಟುಕೊಟ್ಟಿರಲಿಲ್ಲ. ಅವನಿಗೆ ಹಾರಲು ಬರುತ್ತಿರಲಿಲ್ಲ. ಅರವತ್ತು ನಿಮಿಷವೂ ಕುಳ್ಳ ಓಡಿದ, ಬಿದ್ದ, ಓಡಿದ, ಬಿದ್ದ. ಆಡಿದವರು ಯಾರೆಂದು ನಾವು ಕೇಳಲಿಲ್ಲ. ಅವನು ನಾಚಿಕೆಗೆ ಹೇಳಲಿಲ್ಲ.

ನಮ್ಮ ಮನೆ ಹಿತ್ತಿಲಲ್ಲಿ ಮೂವರೂ ಕೂತು ಕ್ಯಾಸೆಟ್ ಹಾಕಿದೆವು. ಹಾಡು ಶುರುವಾಯಿತು, ಓಡಿತು, ಇದ್ದಕ್ಕಿದ್ದಂತೆ ಏಳು ಸ್ವರ ಮೆಟ್ಟಿಲಿಳಿದು ನಿಂತಿತು. ಮತ್ತೆ ಮೊದಲಿಂದ. ಈ ಸಲ ಇನ್ನೂ ಸ್ವಲ್ಪ ದೂರ ಹೋಗಿ ಮೆಟ್ಟಿಲಿಳಿಯಿತು. ನಾನು ಮೊಣಕಾಲಿನ ಮೇಲೆ ಏಟು ಎಣಿಸುತ್ತಿದ್ದೆ. ಮೊದಲ ಸಲ ಹತ್ತೊಂಬತ್ತನೇ ಏಟಿಗೆ. ಎರಡನೇ ಸಲ ಮೂವತ್ತೇಳಕ್ಕೆ. ಆಮೇಲೆ ಹನ್ನೊಂದು. ಆಮೇಲೆ ಮತ್ತೆ ಹತ್ತೊಂಬತ್ತು. ಆಮೇಲೆ ಐವತ್ತೆರಡು.

ನನ್ನ ರೋಮ ನಿಮಿರಿತು. ಇಪ್ಪತ್ತೆಂಟು ವರ್ಷ ಡೋಲು ಬಾರಿಸಿದವನು ನಾನು. ಹಾಡಿನ ಮುಕ್ತಾಯ ಎಂದರೆ ಎಂಟಕ್ಕೋ ಹದಿನಾರಕ್ಕೋ ಬಂದು ಸೇರುತ್ತದೆ ಎಂದೇ ತಿಳಿದಿದ್ದೆ. ಇಲ್ಲಿ ಯಾರೋ ಮಹಾನುಭಾವ ಮುಕ್ತಾಯವನ್ನು ಯಾರೂ ಕಾಯದ ಜಾಗದಲ್ಲಿ ತಂದು ಕೆಡವಿದ್ದ. ಒಂದು ಸಲ ಬಿದ್ದ ಜಾಗದಲ್ಲಿ ಇನ್ನೊಂದು ಸಲ ಬೀಳದು. ಬಿದ್ದರೂ ನಾವು ಮರೆತ ಹೊತ್ತಿಗೆ ಬೀಳುವುದು.

"ಬಾಷಾ, ಇದನ್ನ ಮಾಡಿದೋನು ಸಾಮಾನ್ಯ ಅಲ್ಲ ಕಣೋ" ಎಂದೆ.

"ನಾನು ಹೇಳಿರ್ಲಿಲ್ವಾ ಅಣ್ಣಾ" ಎಂದ ಬಾಷಾ. ಗೋಡೆಯಾಚೆಯಿಂದ ಕೇಳುವಾಗಲೂ ಆ ಏಳು ಸ್ವರವೇ ಹತ್ತು ನಿಮಿಷಕ್ಕೆ ಇಪ್ಪತ್ತು ಸಲ ಬರುತ್ತಿತ್ತಂತೆ. ಆದ್ದರಿಂದ ಹಾಡಿನ ಜೀವ ಅಲ್ಲೇ ಇದೆ ಎಂದು ತೀರ್ಮಾನಿಸಿದೆವು.

ಕೋನಪ್ಪ ಎಲ್ಲ ಎಣಿಕೆಗಳನ್ನೂ ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡ. ಇಪ್ಪತ್ತು ದಿನ ಅಭ್ಯಾಸ ಮಾಡಿದೆವು. ಹನ್ನೊಂದಕ್ಕೆ ಬೀಳಬೇಕಾದಲ್ಲಿ ಹನ್ನೆರಡಕ್ಕೆ ಬಿದ್ದರೆ ಕೋನಪ್ಪನ ಮೇಲೆ ಕೋಲು ಎಸೆಯುತ್ತಿದ್ದೆ. ಬಾಷಾನಿಗೆ ಬೇರೆ ಕಷ್ಟ. ಆ ಹಾಡಿನಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಕೂದಲಿನಷ್ಟೂ ಜಾಗವಿರಲಿಲ್ಲ. ಮೂರನೇ ದಿನ ತಲೆ ಸುತ್ತಿ ಕರಿಬೇವಿನ ಗಿಡದ ಮೇಲೆ ಕೂತುಬಿಟ್ಟ.

ಉಸಿರಿನ ವಿಷಯ ಕೇಳಲು ಇಬ್ಬರೂ ಮುರುಗಮಲ್ಲಕ್ಕೆ ಹೋದೆವು. ಅಲ್ಲಿ ದರ್ಗಾದ ಹತ್ತಿರ ಹಾರ್ಮೋನಿಯಂ ನುಡಿಸುವ ದಸ್ತಗಿರ್ ಸಾಹೇಬರು ಬಾಷಾನಿಗೆ ಗುರುವಿನ ಹಾಗೆ. ಎಪ್ಪತ್ತರ ಮುದುಕರು ಕಣ್ಣು ಮುಚ್ಚಿಕೊಂಡು ಇಡೀ ಒಂದು ಮಗ್ಗುಲು ಕೇಳಿದರು. ಇದು ಮನುಷ್ಯ ಊದಿದ್ದಲ್ಲ, ಯಂತ್ರಕ್ಕೆ ಉಸಿರಿಲ್ಲ, ನಿನಗೆ ಇದೆ, ಆದ್ದರಿಂದ ಮೆಟ್ಟಿಲಿಳಿಯುವ ಮುಂಚೆ ಒಂದು ಸ್ವರ ನುಂಗಿ ಉಸಿರು ತಗೋ ಎಂದು ಬಾಷಾನಿಗೆ ಹೇಳಿಕೊಟ್ಟರು. ಆಮೇಲೆ ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು.

"ಆ ಏಳು ಸ್ವರ ಇದೆಯಲ್ಲ, ಅದನ್ನ ಕೇಳಿದ್ರೆ ಯಾರೋ ಹೋಗ್ಬಿಟ್ಟ ಹಾಗಿದೆಯಪ್ಪ" ಎಂದರು.

ವಯಸ್ಸಾದವರಿಗೆ ಎಲ್ಲ ಹಾಗೇ ಕೇಳುತ್ತದೆ ಎಂದು ನಾನು ಬಸ್ಸಿನಲ್ಲಿ ಬಾಷಾನಿಗೆ ಹೇಳಿದೆ.

ಮದುವೆಗೆ ನಾಲ್ಕು ದಿನ ಇರುವಾಗ ನನಗೆ ತಡೆಯಲಾಗಲಿಲ್ಲ. ಈ ಹಾಡು ಮಾಡಿದವನ ಹೆಸರೇನು, ಊರು ಯಾವುದು ಎಂದು ತಿಳಿಯಬೇಕಿತ್ತು. ಹೊಸಿಲು ತುಳಿಯುವುದಿಲ್ಲ ಎಂದಿದ್ದೆನಲ್ಲ, ಅಂಗಡಿಯ ಹಿಂಬಾಗಿಲಿಗೆ ಹೋದೆ. ಅಲ್ಲಿ ಹೊಸಿಲಿರಲಿಲ್ಲ. ಅಸದುಲ್ಲಾನ ತಾಯಿ ಜಾನ್ ಬೀ ಪರದೆಯ ಹಿಂದೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಪರದೆಯಾಚೆ ಹುಡುಗರು ಆಡುತ್ತಿದ್ದರು. ಈ ಮುದುಕಿ ಟಿವಿ ನೋಡುತ್ತಿರಲಿಲ್ಲ. ಸದ್ದು ಕೇಳಿಯೇ ಎಲ್ಲ ಹೇಳುತ್ತಿದ್ದಳು. ಅಕ್ಕಿಯಿಂದ ತಲೆ ಎತ್ತದೆ, ಈಗ ದೊಡ್ಡ ಬಾವಿ ಬರ್ತದೆ, ಹಿಂದಕ್ಕೆ ಬಂದು ಹಾರೋ ಹುಚ್ಚಪ್ಪ ಎಂದು ಪರದೆಯೊಳಗಿನಿಂದಲೇ ಒಬ್ಬನಿಗೆ ಬೈದಳು. ಅವನು ಹಾರಿದ, ಉಳಿದ.

ಇವಳೇ ಸರಿಯಾದ ರಸಿಕಳು ಎಂದು ನನಗೆ ಅನಿಸಿತು. ಹಾಡು ಮಾಡಿದವನ ಹೆಸರು ಕೇಳಿದೆ. ಯಾರೋ ಜಪಾನಿನವನಂತೆ, ಹೆಸರು ಗೊತ್ತಿಲ್ಲ, ಅವನ ಕೈಗೆ ಮುತ್ತು ಕೊಡಬೇಕು ಎಂದಳು. ನಾನು ಆ ಏಳು ಸ್ವರದ ಮುಕ್ತಾಯವನ್ನು ಬಾಯಲ್ಲಿ ಹಾಡಿ ತೋರಿಸಿ, ಇಡೀ ಹಾಡಿನಲ್ಲಿ ಇದೇ ರತ್ನ ಎಂದೆ. ಜಾನ್ ಬೀ ಮೊರ ಕೆಳಗಿಟ್ಟಳು.

"ಡೋಲಪ್ಪ, ಅದು ಯಾವಾಗ ಬರ್ತದೆ ಅಂತ ನಿನಗೆ ಗೊತ್ತಾ?"

ನನಗೆ ಸಿಟ್ಟು ಬಂತು. ಇಪ್ಪತ್ತು ದಿನ ಎಣಿಸಿದವನಿಗೆ ಅಕ್ಕಿ ಆರಿಸುವವಳು ಪಾಠ ಹೇಳುವುದೇ.

"ನನಗೆ ಹೇಳಿಕೊಡಬೇಡಮ್ಮ" ಎಂದೆ. "ಹತ್ತೊಂಬತ್ತು, ಮೂವತ್ತೇಳು, ಹನ್ನೊಂದು, ಹತ್ತೊಂಬತ್ತು, ಐವತ್ತೆರಡು. ಎಲ್ಲಾ ಲೆಕ್ಕ ಹಾಕಿಟ್ಟಿದೀನಿ. ಆಟದ ಕತೆ ನನಗೆ ಬೇಡ, ಸಂಗೀತ ಸಾಕು."

ಅವಳು ಮತ್ತೆ ಮೊರ ಎತ್ತಿಕೊಂಡಳು.

"ಮದುವೆ ಯಾವತ್ತು?" ಎಂದು ಕೇಳಿದಳು. "ನಾನೂ ಬರ್ತೀನಿ."

ಮದುವೆಯ ದಿನ ಬೆಳಿಗ್ಗೆ ನಂದಿಯ ಛತ್ರದಲ್ಲಿ ಗಂಡಿನ ಕಡೆಯವರು ತಿಂಡಿಗೆ ಕೂರುವ ಹೊತ್ತಿಗೆ ಕುಳ್ಳನಾಟದ ಹಾಡು ಎತ್ತಿದೆವು. ಬಾಷಾ ಊದಿದ್ದನ್ನು ಈಗಲೂ ನೆನೆಸಿಕೊಂಡರೆ ನನಗೆ ಹೆಮ್ಮೆಯಾಗುತ್ತದೆ. ದಸ್ತಗಿರ್ ಸಾಹೇಬರು ಹೇಳಿದ ಕಡೆ ಸ್ವರ ನುಂಗಿ, ಉಸಿರು ಎಳೆದು, ಹತ್ತೊಂಬತ್ತನೇ ಏಟಿಗೆ ಸರಿಯಾಗಿ ಮೆಟ್ಟಿಲಿಳಿದ. ಚನ್ನಕೇಶವನ ಗೆಳೆಯರು ಐದು ಜನ, ಎಲ್ಲ ಅಸದುಲ್ಲಾನ ಬೆಂಚಿನವರೇ, ಇಡ್ಲಿ ಬಿಟ್ಟು ಓಡಿಬಂದು ನಮ್ಮ ಮುಂದೆ ಸಾಲಾಗಿ ಕೂತರು. ಮುಕ್ತಾಯ ಬಿದ್ದಾಗಲೆಲ್ಲ ಒಟ್ಟಿಗೆ ಹೋಯ್ತು ಎಂದು ಕೂಗುತ್ತಿದ್ದರು. ಒಬ್ಬನ ಕೈಯಲ್ಲಿ ಸೋಡಾ ಬಾಟಲಿ ಇತ್ತು. ಪ್ರತಿ ಮುಕ್ತಾಯಕ್ಕೂ ಅದು ಬಲಗಡೆಯವನ ಕೈಗೆ ಹೋಗುತ್ತಿತ್ತು. ತಾಳ ಹಾಕುವುದಕ್ಕೆ ಈಗಿನ ಕಾಲದ ಹುಡುಗರು ಕಂಡುಕೊಂಡ ದಾರಿ ಇರಬೇಕು ಎಂದುಕೊಂಡೆ. ಹನ್ನೊಂದಕ್ಕೆ ಬಿದ್ದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಿಡಿಯುವ ಕೇಳುಗರು ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮೂಲೆಯಲ್ಲಿ ಜಾನ್ ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು. ಆನಂದಕ್ಕೆ ಅಳುತ್ತಿದ್ದಾಳೆ ಎಂದು ತಿಳಿದೆ.

ಈ ಹೊಗಳಿಕೆಯೇ ತಲೆಗೇರಿದ್ದು. ಮುಹೂರ್ತಕ್ಕೆ ಮುಂಚೆ ಬಾಷಾನನ್ನು ಪಕ್ಕಕ್ಕೆ ಕರೆದು, ಗಟ್ಟಿಮೇಳಕ್ಕೆ ಈ ಏಳು ಸ್ವರವನ್ನೇ ಎರಡರಷ್ಟು ವೇಗದಲ್ಲಿ, ಮೇಲಿಂದ ಮೇಲೆ ಹೊಡೆಯೋಣ ಎಂದೆ. ಗಟ್ಟಿಮೇಳಕ್ಕೆ ಹಾಡು ಯಾತಕ್ಕಣ್ಣ, ಜೋರು ಇದ್ರೆ ಸಾಲ್ದಾ ಎಂದು ಅವನು ಕೇಳಿದ. ನಾನು ಹೇಳಿದ ಹಾಗೆ ಮಾಡು ಎಂದೆ. ಅವನ ಮುಖ ಸ್ವಲ್ಪ ಇಳಿಯಿತು. ಎಂಟು ವರ್ಷದಿಂದ ನೋಡಿದ ಮುಖವೇ, ನಾನು ಲಕ್ಷ್ಯ ಕೊಡಲಿಲ್ಲ.

ತಾಳಿಯನ್ನು ತಟ್ಟೆಯಲ್ಲಿಟ್ಟು ಹಿರಿಯರೆಲ್ಲ ಮುಟ್ಟಿ ನಮಸ್ಕಾರ ಮಾಡಲು ಸುತ್ತ ಕಳಿಸಿದ್ದರು. ಅದು ಮಂಟಪಕ್ಕೆ ವಾಪಸು ಬಂತು. ಹಸೆಮಣೆಯ ಮೇಲೆ ಚನ್ನಕೇಶವ, ಅವನ ಬಲಗಡೆಯಿಂದ ಅರ್ಧ ಸುತ್ತು ಆ ಐದು ಜನ ಗೆಳೆಯರು, ಎದುರಿಗೆ ತಲೆ ಬಗ್ಗಿಸಿದ ಹುಡುಗಿ. ಚನ್ನಕೇಶವ ತಾಳಿ ಎತ್ತಿಕೊಂಡ. ಪುರೋಹಿತರು ಕೈ ಬೀಸಿ ಗಟ್ಟಿಮೇಳ ಎಂದರು.

ಗಟ್ಟಿಮೇಳ ಯಾಕಿದೆ ಎಂದು ಬಾರಿಸುವವರಿಗೆ ಗೊತ್ತು. ಆ ಕ್ಷಣದಲ್ಲಿ ಯಾರಾದರೂ ಸೀನಲಿ, ಕೆಟ್ಟ ಮಾತಾಡಲಿ, ಹಸೆಯವರ ಕಿವಿಗೆ ಬೀಳಬಾರದು. ಮೂರು ಗಂಟು ಬೀಳುವವರೆಗೆ ನಿಲ್ಲಿಸಲೂ ಬಾರದು. ನಾನು ಗಟ್ಟಿಮೇಳ ಬಾರಿಸುವಾಗ ಕಣ್ಣು ಮುಚ್ಚಿಕೊಂಡುಬಿಡುತ್ತೇನೆ, ಅಷ್ಟು ಬಲ ಹಾಕುತ್ತೇನೆ. ಅವತ್ತೂ ಮುಚ್ಚಿದೆ. ಬಾಷಾ ಏಳು ಸ್ವರ ಇಳಿಸಿದ, ನಾನು ಅದರ ಮೇಲೆ ಗುಡುಗಿದೆ.

ಆಮೇಲೆ ನಡೆದದ್ದನ್ನು ಕೋನಪ್ಪ ಹೇಳಿದ್ದು. ಹುಡುಗಿಯ ಕೊರಳ ಹತ್ತಿರ ಹೋಗಿದ್ದ ಚನ್ನಕೇಶವನ ಕೈ ಗಕ್ಕನೆ ನಿಂತಿತಂತೆ. ಭುಜ ಕುಸಿಯಿತು. ಮುಖದಲ್ಲಿ ಹೋಯ್ತಲ್ಲ ಎನ್ನುವ ಭಾವ ಬಂತು. ಬಾಯಿ ಬಿಡದೆ ತಾಳಿಯನ್ನು ಬಲಗಡೆ ನಿಂತಿದ್ದ ಗೆಳೆಯನಿಗೆ ಕೊಟ್ಟುಬಿಟ್ಟ. ಅವನೂ ಬೆಳಗಿನಿಂದ ಸೋಡಾ ಬಾಟಲಿ ಹಿಡಿದ ಕೈಯವನೇ, ಒಡ್ಡಿಕೊಂಡ. ಹಿಡಿದ ಮೇಲೆ ಅವನ ಕಣ್ಣು ಹೊರಗೆ ಬಂತು. ಅಷ್ಟರಲ್ಲಿ ನಮ್ಮ ಎರಡನೇ ಸುತ್ತು ಇಳಿಯಿತು. ಅವನು ಮುಂದಿನವನಿಗೆ ದಾಟಿಸಿದ.

ಗಂಗುಲಪ್ಪನವರು ಎದ್ದು ನಿಂತು ಕೂಗಿದರಂತೆ. ಪುರೋಹಿತರು ಕೂಗಿದರಂತೆ. ಏನು ಕೂಗಿದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾರ ಮಾತೂ ಯಾರಿಗೂ ಕೇಳಬಾರದು ಎಂದೇ ಅಲ್ಲವೆ ನಾನು ಬಾರಿಸುತ್ತಿದ್ದದ್ದು. ಪುರೋಹಿತರು ನಿಲ್ಲಿಸು ಎಂದು ಎರಡೂ ಕೈ ಅಲ್ಲಾಡಿಸಿದರು. ಅದನ್ನು ಕೋನಪ್ಪ ಇನ್ನೂ ಜೋರು ಎಂದು ತಿಳಿದು ತಾಳ ಬಿಗಿ ಮಾಡಿದ. ಹುಡುಗಿಯ ಅಜ್ಜಿ ಕದಿರಮ್ಮ ಮಾತ್ರ ತಾಳಿ ಇನ್ನೊಂದು ಸಲ ನಮಸ್ಕಾರಕ್ಕೆ ಹೊರಟಿದೆ ಎಂದುಕೊಂಡು, ಮೂರನೆಯವನ ಕೈಯಲ್ಲಿ ಅದು ಹಾದುಹೋಗುವಾಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ನಾನು ಕಣ್ಣು ಬಿಟ್ಟದ್ದು ಕ್ಲಾರಿನೆಟ್ಟಿನಲ್ಲಿ ಒಂದು ಸ್ವರ ನಡುಗಿದ್ದರಿಂದ. ನೋಡಿದರೆ ಜಾನ್ ಬೀ ಬಾಷಾನ ಕಿವಿಗೆ ಬಾಯಿಟ್ಟು ಏನೋ ಅರಚುತ್ತಿದ್ದಾಳೆ. ಮಂಟಪದಲ್ಲಿ ತಾಳಿ ನಾಲ್ಕನೆಯವನ ಕೈಯಲ್ಲಿದೆ. ಮದುಮಗ ಖಾಲಿ ಕೈಯಲ್ಲಿ ಕೂತಿದ್ದಾನೆ. ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ನಾನು ಇನ್ನೂ ಜೋರಾಗಿ ಬಾರಿಸುತ್ತೇನೆ. ಬಾರಿಸಿದೆ. ಐದನೆಯವನ ಕೈಗೆ ಹೋಯಿತು. ಬಾಷಾ ಇನ್ನೊಂದು ಸಲ ಏಳು ಸ್ವರ ಇಳಿಸಿದ. ಬೆಂಚಿನ ಕೊನೆಯವನು ಮೊದಲನೆಯವನಿಗೆ ಕೊಡಬೇಕಲ್ಲ, ಐದನೆಯವನು ಬಗ್ಗಿ ತಾಳಿಯನ್ನು ತಂದು ಚನ್ನಕೇಶವನ ಕೈಗೆ ಇಟ್ಟ.

ನನ್ನ ಕೋಲು ಮೇಲೆತ್ತಿತ್ತು. ಮುಂದಿನ ಏಟು ಬಿದ್ದರೆ ಬಾಷಾ ನನ್ನ ಹಿಂದೆ ಮತ್ತೆ ಮೆಟ್ಟಿಲಿಳಿಯಬೇಕು, ಅದೇ ನಮ್ಮ ಕಾನೂನು. ಅವನು ನನ್ನ ಕಡೆ ನೋಡಿದ. ಬೇಡ ಎಂದು ತಲೆ ಆಡಿಸಿದ. ಎಂಟು ವರ್ಷದಲ್ಲಿ ಅವನು ನನಗೆ ಬೇಡ ಎಂದದ್ದು ಅದೇ ಮೊದಲು. ನನಗೆ ಸಿಟ್ಟು ಬಂದು ನೆತ್ತಿಯವರೆಗೂ ಹೋಯಿತು. ಹೋದದ್ದು ಅಲ್ಲೇ ನಿಂತಿತು. ನಾನು ಕೋಲು ತಡೆದೆ.

ಬಾಷಾ ಶುರುವಿನ ತುಣುಕು ಊದಿದ.

ಚನ್ನಕೇಶವನ ಬೆನ್ನು ನೆಟ್ಟಗಾಯಿತು. ತಾಳಿಯ ದಾರವನ್ನು ಎರಡೂ ಹೆಬ್ಬೆರಳಿನ ಕೆಳಗೆ ಗಟ್ಟಿಯಾಗಿ ಹಿಡಿದ. ಬಾಷಾ ಕುಣಿಯುವ ಹಾಡಿಗೆ ಹೋದ. ನಾನು ಅವನ ಹಿಂದೆ ಹೋದೆ. ಅವನು ಎಲ್ಲಿಗೆ ಹೋಗುತ್ತಾನೆ ಎಂದು ಗೊತ್ತಿಲ್ಲದೆ, ಹೋದ ಕಡೆಗೆ ಡೋಲು ತೆಗೆದುಕೊಂಡು ಓಡಿದೆ. ಹತ್ತೊಂಬತ್ತು ದಾಟಿತು, ಬಾಷಾ ಇಳಿಸಲಿಲ್ಲ. ಮೊದಲ ಗಂಟು. ಮೂವತ್ತೇಳು ದಾಟಿತು. ಎರಡನೇ ಗಂಟು. ಐವತ್ತೆರಡಕ್ಕೆ ಅಭ್ಯಾಸದಿಂದ ನನ್ನ ಕೈ ಇಳಿಯಲು ಹೋಯಿತು, ಬಾಷಾ ನನ್ನ ಕಡೆ ಕಣ್ಣು ಬಿಟ್ಟ, ನಾನು ಏಟು ನುಂಗಿಕೊಂಡೆ. ಮೂರನೇ ಗಂಟು ಬಿತ್ತು. ಅಕ್ಕಿ ಬಿತ್ತು. ಐದು ಜನ ಗೆಳೆಯರು ಕುಣಿದರು. ನಾಲ್ಕನೇ ಕೋಟೆ ಗೆದ್ದಾಗಲೂ ಅವರು ಹಾಗೆ ಕುಣಿದಿರಲಿಲ್ಲವಂತೆ.

ಗಂಗುಲಪ್ಪನವರು ಮುಖ ಕೆಂಪಗೆ ಮಾಡಿಕೊಂಡು ನಮ್ಮ ಕಡೆ ಬಂದರು. ಅವರು ಬಾಯಿ ಬಿಡುವ ಮೊದಲೇ ಕದಿರಮ್ಮ ಅಡ್ಡ ಬಂದಳು.

"ನಿನ್ನ ಮದ್ವೇಲಿ ತಾಳೀನ ಒಂದೇ ಸುತ್ತು ಕಳಿಸಿದ್ರು. ಇವಳಿಗೆ ಎರಡು ಸುತ್ತು ಆಯ್ತು. ಸುಮ್ನಿರಪ್ಪ" ಎಂದಳು ಮಗನಿಗೆ.

ಮದುವೆಮನೆಯಲ್ಲಿ ಅಪಶಕುನವಾಯಿತು ಎಂದು ಬಾಯಿಬಿಟ್ಟು ಹೇಳಲು ಯಾರಿಗೂ ಇಷ್ಟವಿರುವುದಿಲ್ಲ. ಎರಡು ಸುತ್ತಿನ ಮಾತು ಸಿಕ್ಕಿದ್ದೇ ಎಲ್ಲರೂ ಅದನ್ನೇ ಹಿಡಿದುಕೊಂಡರು. ಊಟದ ಹೊತ್ತಿಗೆ, ನಗರಗೆರೆ ಕಡೆ ಅದು ಪದ್ಧತಿಯಂತೆ ಎಂದು ಹೆಣ್ಣಿನ ಕಡೆಯವರೂ, ನಂದಿ ಕಡೆ ಪದ್ಧತಿಯಂತೆ ಎಂದು ಗಂಡಿನ ಕಡೆಯವರೂ ಮಾತಾಡಿಕೊಳ್ಳುತ್ತಿದ್ದರು.

ಸತ್ಯ ನನಗೆ ಗೊತ್ತಾದದ್ದು ಎಲೆಯ ಮುಂದೆ. ಬಾಷಾ ನನ್ನ ಪಕ್ಕ ಕೂತು, ಮೆಲ್ಲಗೆ, ಜಾನ್ ಬೀ ಕಿವಿಯಲ್ಲಿ ಅರಚಿದ್ದನ್ನೂ ಆಮೇಲೆ ಬಿಡಿಸಿ ಹೇಳಿದ್ದನ್ನೂ ಹೇಳಿದ. ಅದು ಮುಕ್ತಾಯವಲ್ಲ, ಕುಳ್ಳ ಸಾಯುವ ತುಣುಕು. ಹತ್ತೊಂಬತ್ತು ಎಂದರೆ ಮೊದಲ ಬಾವಿ. ಹನ್ನೊಂದು ಎಂದರೆ ಬಾವಿ ಬರುವ ಮೊದಲೇ ಕಲ್ಲು ಎಡವಿದ್ದು. ಐವತ್ತೆರಡೇ ಅಸದುಲ್ಲಾ ಬದುಕಿದ್ದ ಅತಿ ದೊಡ್ಡ ಆಯಸ್ಸು. ನಾನು ಪಾಯಸ ಬಿಟ್ಟು ಎದ್ದೆ. ತಾಯಿಯ ಜೊತೆ ಮದುವೆಗೆ ಬಂದಿದ್ದ ಅಸದುಲ್ಲಾ ಬಡಿಸುವವರ ಸಾಲಿನಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು ನಿಂತಿದ್ದವನು, ನನ್ನ ಮುಖ ನೋಡಿ ಬಕೆಟ್ಟಿನ ಸಮೇತ ಓಡಿದ. ಮೂರು ಪಂಕ್ತಿ ಸುತ್ತಿಸಿದ. ಹಿಡಿಯಲು ಆಗಲಿಲ್ಲ. ಬಾವಿ ಹಾರಲು ಬಾರದವನು ಬಾಳೆಲೆಗಳನ್ನು ಮಾತ್ರ ಚೆನ್ನಾಗಿ ಹಾರಿದ.

ಸಂಜೆ ನಾಲ್ಕಕ್ಕೆ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಬಾಷಾ, ನಡುವೆ ಡೋಲು, ಈಚೆ ನಾನು. ಹಿಂದಿನ ಸೀಟಿನಲ್ಲಿ ಕೋನಪ್ಪ, ಅವನ ಪಕ್ಕ ಜಾನ್ ಬೀ. ಅಸದುಲ್ಲಾ ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಹೇಳಿಕಳಿಸಿದ್ದ. ಕ್ಷಮಿಸು ಎನ್ನುವ ಮಾತು ನನಗೆ ಬರುವುದಿಲ್ಲ, ಕಲಿಸಿದವರೂ ಇಲ್ಲ. ಡೋಲಿನ ಹಗ್ಗ ಬಿಗಿ ಮಾಡುತ್ತಾ ಕೂತೆ.

ಚಿಕ್ಕಬಳ್ಳಾಪುರ ಬಂತು. ಬಾಷಾ ಎದ್ದು ಕ್ಲಾರಿನೆಟ್ಟಿನ ಪೆಟ್ಟಿಗೆ ಎತ್ತಿಕೊಂಡ. ನನ್ನ ಮೊಣಕಾಲು ದಾಟಿ ಇಳಿದುಹೋದ. ಆರ್ಕೆಸ್ಟ್ರಾದವರ ಮನೆ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ನಾನು ಕಿಟಕಿಯ ಕಡೆ ಜರುಗಿ ನೋಡಿದೆ. ಅವನು ಜನರ ನಡುವೆ ಕಾಣಲಿಲ್ಲ. ಡ್ರೈವರ್ ಹಾರನ್ ಹೊಡೆದ. ಎಂಟು ವರ್ಷ ಬೈದದ್ದೆಲ್ಲ ಒಂದೊಂದೇ ನೆನಪಿಗೆ ಬಂತು. ಕರಿಬೇವಿನ ಗಿಡದ ಮೇಲೆ ಬಿದ್ದಾಗಲೂ ಗಿಡ ಮುರಿದೆ ಎಂದೇ ಬೈದಿದ್ದೆ.

ಬಸ್ಸು ಅಲುಗಿತು. ಬಾಷಾ ಓಡಿಬಂದು ಹಿಂಬಾಗಿಲಿಗೆ ನೇತುಬಿದ್ದ. ಬಗಲಲ್ಲಿ ಪೆಟ್ಟಿಗೆ, ಕೈಯಲ್ಲಿ ಕಡಲೇಕಾಯಿ ಪೊಟ್ಟಣ.

"ಬರಲ್ಲ ಅಂತ ಹೇಳ್ಬಂದೆ ಅಣ್ಣಾ" ಎಂದು ಉಸಿರು ಬಿಡುತ್ತಾ ಕೂತ. "ಪೆಟ್ಟಿಗೆ ಇಲ್ಲೇ ಬಿಟ್ಟಿದ್ರೆ ನೀವು ಸಿಟ್ಟಲ್ಲಿ ಎಸೆದುಬಿಡ್ತಿದ್ರಿ, ಅದಕ್ಕೆ ತಗೊಂಡ್ಹೋದೆ."

ಅದು ನಿಜ. ಯಾಕೆ ಬರಲ್ಲ ಅಂದೆ ಎಂದು ಕೇಳಿದೆ. ಕಡಲೇಕಾಯಿ ಸುಲಿಯುತ್ತಾ, ಕೀಬೋರ್ಡಿನವನು ಒಂದು ಗುಂಡಿ ಒತ್ತಿದರೆ ತಾಳ ತಾನಾಗೇ ಬರುತ್ತದೆ, ನಾನು ಎಲ್ಲಿಗೆ ಹೋದರೂ ಅದು ನನ್ನ ಹಿಂದೆ ಬರುವುದಿಲ್ಲ, ಇವತ್ತು ನೀವು ಬಂದಿರಿ ಎಂದ. ಆಮೇಲೆ ಕಟ್ಟಳೆ ಹಾಕಿದ. ಇನ್ನು ಮೇಲೆ ಎತ್ತುವುದೂ ಇಳಿಸುವುದೂ ಅವನದು, ಡೋಲು ಅವನ ಹಿಂದೆ. ಮತ್ತೆ, ಐದನೇ ಕೋಟೆಯ ಹಾಡನ್ನು ಕಲಿಯಬೇಕು, ಅದಕ್ಕೆ ಮೂವರೂ ಅಂಗಡಿಯೊಳಗೇ ಹೋಗಿ ಕೂರಬೇಕು. ಜಾನ್ ಬೀ ಹಿಂದಿನ ಸೀಟಿನಿಂದ ಬಗ್ಗಿ, ಹಿಂಬಾಗಿಲಿಗೆ ಹೊಸಿಲು ಹಾಕಿಸ್ತೀನಿ, ತುಳಿದೇ ಬಾ ಡೋಲಪ್ಪ ಎಂದಳು.

ಮುಂದಿನ ಮಂಗಳವಾರ ಹೋದೆ. ಮುಂಬಾಗಿಲಿನಿಂದಲೇ ಹೋದೆ. ಬೆಂಚಿನ ಮೇಲೆ ನಾನು, ಬಲಗಡೆ ಬಾಷಾ, ಅವನಾಚೆ ಕೋನಪ್ಪ ಕ್ಯಾಲೆಂಡರು ಹಿಡಿದುಕೊಂಡು. ಕೊನೆಯಲ್ಲಿ ಜಾನ್ ಬೀ, ಮೊರದ ಸಮೇತ. ತಂಗಿಯ ಮಗ ಬಾಗಿಲ ಹತ್ತಿರ ನಿಂತು, ತನ್ನ ಕಿವಿಯನ್ನು ತಾನೇ ಮುಟ್ಟಿ ನೋಡಿಕೊಂಡ. ಅಸದುಲ್ಲಾ ದೂರದಿಂದಲೇ ರಿಮೋಟನ್ನು ನನ್ನ ಮಡಿಲಿಗೆ ಎಸೆದ.

ಶುರುವಿನ ತುಣುಕು ಬಂತು. ಕುಳ್ಳ ಓಡಿದ. ಕೈಗೆ ಸಿಕ್ಕ ಗುಂಡಿ ಒತ್ತಿ ಹನ್ನೊಂದರ ಕಲ್ಲು ದಾಟಿಸಿದೆ, ಯಾರೂ ಹೊಗಳಲಿಲ್ಲ. ಬಾವಿ ಬಂತು. ಯಾವ ಗುಂಡಿ ಎಂದು ಕೇಳುವಷ್ಟರಲ್ಲಿ ಏಳು ಸ್ವರ ಮೆಟ್ಟಿಲಿಳಿಯಿತು.

"ಹತ್ತೊಂಬತ್ತು" ಎಂದ ಕೋನಪ್ಪ.

ಲೆಕ್ಕ ಸರಿಯಾಗಿತ್ತು. ಬಾಯಿ ಬಿಡದೆ ರಿಮೋಟನ್ನು ಬಾಷಾನಿಗೆ ಕೊಟ್ಟೆ.